ಏಳು ಬೀಜಗಳ ಕಡಲ ಹಾದಿ

ದೇಶಾಂತರ ಸಂಚಾರ ಮಾಡಿದವರಲ್ಲಿ ಎರಡು ಬಗೆಯವರುಂಟು. ತಾವು ಕಂಡ ಕಡಲತೀರವನ್ನೂ, ಏರಿದ ಬೆಟ್ಟವನ್ನೂ, ಉಂಡ ಅನ್ನವನ್ನೂ ಬರೆದಿಟ್ಟು ಹೋದವರು ಕೆಲವರು. ಒಂದಕ್ಷರವನ್ನೂ ಬರೆಯದೆ, ತಂದ ವಸ್ತುವೊಂದನ್ನು ಮಾತ್ರ ಉಳಿಸಿ ಹೋದವರು ಮತ್ತೆ ಕೆಲವರು. ನಮ್ಮ ಜಿಲ್ಲೆಯ ಚಂದ್ರದ್ರೋಣ ಪರ್ವತಕ್ಕೆ ತಮ್ಮ ಹೆಸರನ್ನು ಕೊಟ್ಟ ಬಾಬಾಬುಡನರು ಈ ಎರಡನೆಯ ಪಂಕ್ತಿಗೆ ಸೇರಿದವರು. ಅವರು ಮಕ್ಕೆಗೆ ಯಾತ್ರೆ ಹೋದರು. ಮರಳುವಾಗ ಯಮನ್ ದೇಶದಿಂದ ಏಳು ಕಾಫಿಯ ಬೀಜಗಳನ್ನು ತಂದರು. ಅವನ್ನು ಗಿರಿಯ ಮೇಲೆ ತಮ್ಮ ಗವಿಯ ಸಮೀಪದಲ್ಲಿ ಬಿತ್ತಿದರು. ಕಥೆಯು ಇಷ್ಟೇ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಇದನ್ನು ಕೇಳದೆ ಬೆಳೆದ ಮಕ್ಕಳು ವಿರಳ. ಆದರೆ ಕೇಳಿ ತಲೆದೂಗುವುದು ಬೇರೆ, ವಿಚಾರಿಸಿ ಒಪ್ಪುವುದು ಬೇರೆ. ಪ್ರಪಂಚದ ಕಾಫಿಯೆಲ್ಲವೂ ನಮ್ಮ ಗಿರಿಯಿಂದಲೇ ಹೊರಟಿತೆಂದು ಅಭಿಮಾನದಿಂದ ಹೇಳುವವರುಂಟು. ಇದೆಲ್ಲವೂ ಕಟ್ಟುಕಥೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೂ ಉಂಟು. ಬರೆಯದ ಯಾತ್ರಿಕರ ಕಥೆಯನ್ನು ಬರೆದ ಯಾತ್ರಿಕರ ವೃತ್ತಾಂತಗಳ ಪಕ್ಕದಲ್ಲಿಟ್ಟು ನೋಡಿದರೆ ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ನಿಲ್ಲುವುದೆಂದು ತಿಳಿಯುವುದು ಸಾಧ್ಯ.

ಮೊದಲು ಗಿರಿಯ ವಿಷಯ. ಚಿಕ್ಕಮಗಳೂರಿನಿಂದ ಹೊರಟು, ಕೈಮರದ ಬಳಿ ಏರನ್ನು ಹಿಡಿದು, ಅತ್ತಿಗುಂಡಿಯ ಮಾರ್ಗವಾಗಿ ಹೋಗುವವರಿಗೆ ಪರ್ವತದ ಆಕಾರವು ತಿರುವು ತಿರುವಿಗೆ ತೆರೆದುಕೊಳ್ಳುತ್ತದೆ. ಬಿದಿಗೆಯ ಚಂದ್ರನಂತೆ ಬಾಗಿದ ಶಿಖರಗಳ ಸಾಲು ಅದು. ಚಂದ್ರದ್ರೋಣವೆಂಬ ಹೆಸರು ಆ ಬಾಗಿನಿಂದಲೇ ಬಂದಿತೆಂದು ಹೇಳುವರು. ಬಾಗಿನ ಒಳಗಡೆ ಜಾಗರ ಕಣಿವೆಯ ದಟ್ಟವಾದ ಕಾಡು. ಹೊರಮೈಯು ಬಯಲುಸೀಮೆಯ ಕಡೆಗೆ ಇಳಿದಿದೆ. ಸಾಲಿನಲ್ಲಿ ಎಲ್ಲಕ್ಕೂ ಎತ್ತರವಾದ ಮುಳ್ಳಯ್ಯನಗಿರಿಯು 6,317 ಅಡಿಗಳಷ್ಟು ಉನ್ನತವಾಗಿದ್ದು ರಾಜ್ಯದ ಪರ್ವತಗಳಲ್ಲಿಯೇ ಮೊದಲನೆಯದಾಗಿದೆ. ಇಲ್ಲಿ ಹುಟ್ಟುವ ವೇದಾ, ಅವತಿ ಎಂಬ ಹೊಳೆಗಳು ಅಯ್ಯನಕೆರೆಯನ್ನೂ ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯೆನಿಸಿ ಪೂರ್ವಾಭಿಮುಖವಾಗಿ ಹರಿಯುತ್ತವೆ. ಗವಿಯು ದತ್ತಾತ್ರೇಯನ ಪೀಠವೆಂದು ಹಿಂದೂಗಳೂ, ದಾದಾ ಹಯಾತ್ ಮೀರ್ ಕಲಂದರರ ಸ್ಥಾನವೆಂದು ಮುಸಲ್ಮಾನರೂ ನಡೆದುಕೊಂಡು ಬಂದಿದ್ದಾರೆ. ದಾದಾ ಹಯಾತರೂ ಬಾಬಾಬುಡನರೂ ಒಬ್ಬರೇ ಎಂದು ಕೆಲವರ ಮತ. ಗುರುಶಿಷ್ಯರೆಂದು ಮತ್ತೆ ಕೆಲವರ ಮತ. ಸ್ಥಳದ ವಿಷಯವಾಗಿ ನ್ಯಾಯಸ್ಥಾನಗಳಲ್ಲಿ ನಡೆದ ವ್ಯವಹಾರಗಳು ಈ ಲೇಖನಕ್ಕೆ ಸಂಬಂಧಿಸಿದವಲ್ಲ.

ಬಾಬಾಬುಡನರು ಯಾವ ಕಾಲದವರು? ಹದಿನೇಳನೆಯ ಶತಮಾನದವರೆಂದು ಬಹುಮಂದಿಯ ಅಭಿಪ್ರಾಯ. ಆ ಶತಮಾನದ ಆರಂಭಕ್ಕೆ ಅವರ ಯಾತ್ರೆಯನ್ನು ಸೇರಿಸುವವರುಂಟು. ಅಚ್ಚಾದ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು 1670ನೆಯ ಇಸವಿ. ಬೀಜಗಳನ್ನು ಸೊಂಟಪಟ್ಟಿಯಲ್ಲಿ ಕಟ್ಟಿಕೊಂಡರೆಂದು ಒಬ್ಬರು, ಗಡ್ಡದಲ್ಲಿ ಅಡಗಿಸಿದರೆಂದು ಇನ್ನೊಬ್ಬರು, ಊರುಗೋಲಿನ ಪೊಳ್ಳಿನಲ್ಲಿ ತುಂಬಿದರೆಂದು ಮತ್ತೊಬ್ಬರು ಹೇಳುವರು. ಅಡಗಿಸಿದ ಕಾರಣವನ್ನು ಮಾತ್ರ ಎಲ್ಲರೂ ಒಂದೇ ವಿಧವಾಗಿ ಹೇಳುತ್ತಾರೆ: ಯಮನಿನ ಅರಬರು ಮೊಳೆಯಬಲ್ಲ ಬೀಜವನ್ನು ಹೊರದೇಶಕ್ಕೆ ಬಿಡುತ್ತಿರಲಿಲ್ಲ, ಮಾರುವ ಮುನ್ನ ಅದನ್ನು ಕುದಿಸಿಯೋ ಹುರಿದೋ ಮೊಳಕೆಯ ಶಕ್ತಿಯನ್ನು ಕೆಡಿಸುತ್ತಿದ್ದರು. ಇನ್ನು ಏಳೆಂಬ ಸಂಖ್ಯೆ. ಮಕ್ಕೆಗೆ ಹೋದವನು ಕಾಬಾದ ಸುತ್ತ ಏಳು ಪ್ರದಕ್ಷಿಣೆ ಮಾಡಬೇಕು. ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಬಾರಿ ನಡೆಯಬೇಕು. ನಮ್ಮಲ್ಲಿಯೂ ಸಪ್ತಪದಿ, ಸಪ್ತರ್ಷಿ, ಸಪ್ತಸಮುದ್ರಗಳುಂಟು. ಆದುದರಿಂದ ಈ ಏಳು ಭಕ್ತರ ಎಣಿಕೆಯಾಗಿರಬಹುದು. ಅಂಗಡಿಯ ಲೆಕ್ಕದಂತೆ ಅದನ್ನು ತಿಕ್ಕಿ ನೋಡುವುದು ಉಚಿತವಲ್ಲ.

ಸೂಫಿಯೊಬ್ಬರು ಕಾಫಿಯನ್ನು ತಂದರೆಂಬುದಂತೂ ಆಶ್ಚರ್ಯವಾದ ಮಾತಲ್ಲ. ಆ ಪಾನೀಯವು ಲೋಕಕ್ಕೆ ಬಂದುದೇ ಸೂಫಿಗಳ ಕೈಯಿಂದ. ಹದಿನೈದನೆಯ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಜಪಧ್ಯಾನಗಳಲ್ಲಿ ತೂಕಡಿಕೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. ಅಲ್ಲಿಂದ ಅದು ಮಕ್ಕೆಗೆ ಹೋಯಿತು. 1511ರಲ್ಲಿ ಮಕ್ಕೆಯ ಅಧಿಕಾರಿ ಖೈರ್ ಬೇಗನು, ಜನರು ಗುಂಪುಗೂಡಿ ಇದನ್ನು ಕುಡಿಯುವುದನ್ನು ಕಂಡು ಸಂಶಯಗೊಂಡು, ಪಂಡಿತರನ್ನೂ ವೈದ್ಯರನ್ನೂ ಕೂಡಿಸಿ ಕಾಫಿಯನ್ನು ನಿಷೇಧಿಸಿದನು. ನಿಷೇಧವು ಬಹುಕಾಲ ಉಳಿಯಲಿಲ್ಲ. ಕಾಫಿಯು ದುರಭ್ಯಾಸವೆಂದು ನಮ್ಮ ಹಿರಿಯರಲ್ಲಿ ಕೆಲವರು ಮನೆಯ ಹುಡುಗರನ್ನು ಗದರಿಸುತ್ತಿದ್ದ ಕಾಲವೊಂದಿತ್ತು. ಖೈರ್ ಬೇಗನಿಗೆ ಆದ ಗತಿಯೇ ಅವರಿಗೂ ಆಯಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಾಫಿಯೆಂಬ ಪಾನೀಯವು ಭಾರತಕ್ಕೆ ಬಂದುದು ಬೇರೆ, ಕಾಫಿಯೆಂಬ ಗಿಡವು ಬಂದುದು ಬೇರೆ. ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಎಂಬಾತನು ಜಹಾಂಗೀರನ ಆಸ್ಥಾನದಲ್ಲಿದ್ದಾಗ ಅವನ ಪಾದ್ರಿಯಾಗಿದ್ದ ಎಡ್ವರ್ಡ್ ಟೆರಿಯು 1616ರಲ್ಲಿ ಈ ದೇಶಕ್ಕೆ ಬಂದನು. 1655ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅವನು, ಮದ್ಯವನ್ನು ಮುಟ್ಟದ ಧರ್ಮನಿಷ್ಠರು ಕಪ್ಪಾದ ಬೀಜವೊಂದನ್ನು ನೀರಿನಲ್ಲಿ ಕುದಿಸಿ ಕುಡಿಯುವರೆಂದೂ, ಅದು ನಾಲಗೆಗೆ ಅಷ್ಟೇನೂ ರುಚಿಯಲ್ಲದಿದ್ದರೂ ದೇಹಕ್ಕೆ ಹಿತವೆಂದೂ ಬರೆದಿದ್ದಾನೆ. ಹೀಗೆ 1670ಕ್ಕೆ ಐವತ್ತು ವರ್ಷಗಳಿಗೂ ಮೊದಲೇ ಮೊಗಲರ ನಾಡಿನಲ್ಲಿ ಕಾಫಿಯನ್ನು ಕುಡಿಯುವವರಿದ್ದರು. ಆದರೆ ಅವರ ಪಾತ್ರೆಗೆ ಬಿದ್ದುದು ವರ್ತಕರು ತಂದ ಸತ್ತ ಬೀಜ. ಬಾಬಾಬುಡನರ ಕಥೆಯ ಸ್ವಾರಸ್ಯವೆಲ್ಲವೂ ಬೀಜವು ಜೀವಂತವಾಗಿತ್ತೆಂಬುದರಲ್ಲಿದೆ.

ಅದೇ ಕಾಲದಲ್ಲಿ ಕನ್ನಡನಾಡಿನ ಘಟ್ಟವನ್ನು ಹತ್ತಿ ಇಳಿದ ಇನ್ನೊಬ್ಬ ಪ್ರವಾಸಿಯನ್ನು ಇಲ್ಲಿ ನೆನೆಯಬೇಕು. ರೋಮಾಪುರಿಯ ಶ್ರೀಮಂತ ಪಿಯೆತ್ರೊ ದೆಲ್ಲಾ ವಾಲ್ಲೆಯು 1614ರಲ್ಲಿ ವೆನಿಸ್ ಪಟ್ಟಣವನ್ನು ಬಿಟ್ಟು, ಹನ್ನೆರಡು ವರ್ಷ ಪೂರ್ವದೇಶಗಳಲ್ಲಿ ಸುತ್ತಿದವನು. 1615ರಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ತನ್ನ ಮಿತ್ರನಿಗೆ ಬರೆದ ಕಾಗದದಲ್ಲಿ ತುರ್ಕರು ಕುಡಿಯುವ ಕಾಫಿಯನ್ನು ವರ್ಣಿಸಿ, ಮರಳಿ ಬರುವಾಗ ಸ್ವಲ್ಪ ತರುತ್ತೇನೆಂದು ಮಾತು ಕೊಟ್ಟನು. 1623ರ ಶರತ್ಕಾಲದಲ್ಲಿ, ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಗೋವೆಯ ಪೋರ್ಚುಗೀಸರು ಕಳುಹಿಸಿದ ರಾಯಭಾರಿಯ ಜೊತೆಗೆ ಹೊರಟು, ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಬಂದನು. ಇಕ್ಕೆಲದ ಅಡವಿಯ ನಡುವೆ ಸಾಗಿದ ಆ ಜಲಯಾನವು ಅವನಿಗೆ ಎಷ್ಟು ಮೆಚ್ಚಾಯಿತೆಂದರೆ, ಅಷ್ಟು ಸುಂದರವಾದ ನದಿಯನ್ನು ತಾನು ಬೇರೆಲ್ಲಿಯೂ ಕಂಡ ನೆನಪಿಲ್ಲವೆಂದು ಬರೆದನು. ಘಟ್ಟವು ಅವನಿಗೆ ತನ್ನ ದೇಶದ ಅಪೆನ್ನೈನ್ ಪರ್ವತಗಳನ್ನು ನೆನಪಿಗೆ ತಂದಿತು. ದಾರಿಯ ದೇವಾಲಯವೊಂದರ ಮೊಗಸಾಲೆಯಲ್ಲಿ ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಲೆಕ್ಕವನ್ನು ಹಾಡಿ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದನು. ನಮ್ಮ ಮಗ್ಗಿಪಾಠಕ್ಕೆ ನಾಲ್ಕು ನೂರು ವರ್ಷಗಳ ಹಿಂದಿನ ಸಾಕ್ಷಿಯೊಂದು ಹೀಗೆ ಇಟಲಿಯ ಭಾಷೆಯಲ್ಲಿ ಉಳಿದಿದೆ.

ಇಕ್ಕೇರಿಯಿಂದ ಮರಳಿ ಕರಾವಳಿಗಿಳಿದ ಅವನು ಬಸರೂರು, ಮಂಗಳೂರುಗಳನ್ನು ನೋಡಿ, ಉಳ್ಳಾಲದ ರಾಣಿಯನ್ನು ಕಾಣಲು ಮಣೇಲಿಗೆ ಹೋದನು. ಅಲ್ಲಿ ರಾಜಕುಮಾರನು ಅವನಿಗೆ ಎಲೆಯ ಮೇಲೆ ಅನ್ನವನ್ನೂ ಶಾಕಗಳನ್ನೂ ಬಡಿಸಿ ಸತ್ಕರಿಸಿದನು. ಕೈಯಿಂದ ಉಣ್ಣುವ ಅಭ್ಯಾಸವಿಲ್ಲದ ಅತಿಥಿಗೂ, ಅವನು ಉಣ್ಣುವ ಬಗೆಯನ್ನು ಕುತೂಹಲದಿಂದ ನೋಡುವ ಆತಿಥೇಯರಿಗೂ ನಡೆದ ಮಾತುಕತೆಯನ್ನು ಓದುವಾಗ ನಗೆ ಬರುತ್ತದೆ. ಆ ಊಟದಲ್ಲಿ ಕಾಫಿ ಬಂದಿತೆಂದು ಅವನು ಹೇಳುವುದಿಲ್ಲ. ಕಾಫಿಯನ್ನು ಬಲ್ಲವನು, ಅದನ್ನು ಮೆಚ್ಚಿದವನು, ತಿಂದುದನ್ನೂ ಕುಡಿದುದನ್ನೂ ತಪ್ಪದೆ ಬರೆಯುವವನು ಅವನು. ಒಬ್ಬನ ಮೌನವು ಸಂಪೂರ್ಣವಾದ ಸಾಕ್ಷ್ಯವಲ್ಲ. ಆದರೂ ಗಿರಿಯ ಕಾಫಿಯನ್ನು ಶತಮಾನದ ಮೊದಲ ವರ್ಷಗಳಿಗೆ ಎಳೆದೊಯ್ಯುವುದಕ್ಕಿಂತ ಅದರ ನಡುವಿನ ಅಥವಾ ಕೊನೆಯ ಭಾಗದಲ್ಲಿಡುವುದು ಯುಕ್ತವೆಂದು ನನಗೆ ತೋರುತ್ತದೆ.

ಈಗ ಕಡಲಿನ ವಿಚಾರಕ್ಕೆ ಬರೋಣ. ಕಥೆಯು ನಿಲ್ಲಬೇಕಾದರೆ ಮೊದಲು ಇಲ್ಲಿ ನಿಲ್ಲಬೇಕು. ಕಾಫಿಯ ಬೀಜವು ರಾಗಿ ಜೋಳಗಳಂತೆ ವರ್ಷಗಟ್ಟಲೆ ಜೀವ ಹಿಡಿದಿರುವುದಲ್ಲ. ನೆರಳಿನಲ್ಲಿ ಒಣಗಿಸಿ ಜೋಪಾನ ಮಾಡಿದರೂ ಕೆಲವೇ ತಿಂಗಳುಗಳಲ್ಲಿ ಅದರ ಮೊಳಕೆಯ ಶಕ್ತಿಯು ಕುಂದುತ್ತದೆ. ಹಾಗಾದರೆ ಯಮನಿನಲ್ಲಿ ಕಿತ್ತ ಬೀಜವು ಚಂದ್ರದ್ರೋಣವನ್ನು ಸೇರುವ ತನಕ ಬದುಕಿರಲು ಸಾಧ್ಯವೆ? ಸೇಂಟ್ ಮಾಲೋ ಪಟ್ಟಣದ ಹಡಗುಗಳಲ್ಲಿ 1708ರಿಂದ ಮುಂದೆ ಮೋಖಾ ಬಂದರಿಗೆ ಹೋಗಿ ಬಂದ ಫ್ರೆಂಚರ ವೃತ್ತಾಂತಗಳನ್ನು ಲಾ ರೋಕ್ ಎಂಬಾತನು 1716ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದನು. ಅದರಲ್ಲಿ ಯಮನಿನ ಕಾಫಿಯ ದೊಡ್ಡ ಕೊಯ್ಲು ಮೇ ತಿಂಗಳಿನದೆಂದು ಹೇಳಿದೆ. ಕೆಂಪುಸಮುದ್ರದ ಬಂದರುಗಳಿಂದ ನಮ್ಮ ದೇಶಕ್ಕೆ ಮರಳುವ ಹಡಗುಗಳು ನೈರುತ್ಯ ಮಾರುತದ ಕೊನೆಯ ಬಲವನ್ನು ಹಿಡಿದು ಆಗಸ್ಟ್ ಸೆಪ್ಟೆಂಬರಿನ ಹೊತ್ತಿಗೆ ಹೊರಡುತ್ತಿದ್ದವು; ಗಾಳಿಯು ಅನುಕೂಲವಾಗಿದ್ದರೆ ಕೆಲವೇ ವಾರಗಳ ಪ್ರಯಾಣ. ಕೊಯ್ಲಿನಿಂದ ಬಿತ್ತನೆಗೆ ನಾಲ್ಕೈದು ತಿಂಗಳು. ಬೀಜಗಳು ಕೆಲವು ಸತ್ತು ಕೆಲವು ಉಳಿಯಲು ಇದು ಸಾಕಾದ ಅವಧಿ. ಬೇಸಾಯ ಬಲ್ಲವರು ಈ ಲೆಕ್ಕವನ್ನು ಅಸಾಧ್ಯವೆನ್ನಲಾರರು.

ಆ ಕಾಲದ ನಾವಿಕರಿಗೆ ನಮ್ಮ ಪರ್ವತಗಳು ಹೊಸವಲ್ಲ. ಕಳಸದ ನೆತ್ತಿಯ ಮೇಲಿರುವ ಕುದುರೆಮುಖವು ಕಡಲಿನಿಂದ ನೋಡುವವರಿಗೆ ಕುದುರೆಯ ಮೋರೆಯಂತೆ ಕಾಣುವುದರಿಂದಲೇ ಆ ಹೆಸರನ್ನು ಪಡೆಯಿತು. ಹಡಗಿನವರಿಗೆ ಅದು ಹಗಲಿನ ದೀಪಸ್ತಂಭವಿದ್ದಂತೆ. ದಡದ ತೆಂಗಿನ ಸಾಲು ಕಾಣುವುದಕ್ಕಿಂತ ಮುಂಚೆ ಈ ಶಿಖರವು ಕಾಣುತ್ತಿತ್ತು. ಕಾಫಿಯ ನಾಡಿನ ಬೆಟ್ಟವೊಂದಕ್ಕೆ ಕಡಲಿನವರ ದೃಷ್ಟಿಯಿಂದ ಹೆಸರು ಬಂದಿರುವುದು ಮಲೆನಾಡಿಗೂ ಕರಾವಳಿಗೂ ಇರುವ ನಂಟಿಗೆ ಒಳ್ಳೆಯ ಗುರುತು.

ಯಮನ್ ದೇಶದ ರಚನೆಯನ್ನು ಓದಿದವರಿಗೆ ನಮ್ಮದೇ ದೇಶದ ಒಂದು ಒಣ ಪ್ರತಿಬಿಂಬವನ್ನು ಕಂಡಂತಾಗುತ್ತದೆ. ಸಮುದ್ರದ ಅಂಚಿಗೆ ತಿಹಾಮಾ ಎಂಬ ಕಾದ ಮರಳಿನ ಬಯಲು. ಅದರ ಹಿಂದೆ ಗೋಡೆಯಂತೆ ಎದ್ದು ನಿಂತ ಪರ್ವತಗಳು. ಆ ಪರ್ವತಗಳ ಎದೆಯ ಮೇಲೆ, ಕಡಲಿನ ಮೋಡಗಳು ತಡೆದು ನಿಲ್ಲುವ ಎತ್ತರದಲ್ಲಿ, ಕಾಫಿ. ಈ ಬೆಟ್ಟಗಳನ್ನು ನಡೆದು ಹತ್ತಿ ನೋಡಿದವರಲ್ಲಿ ಕಾರ್ಸ್ಟೆನ್ ನೀಬೂರನ ಬರವಣಿಗೆಯು ಎಲ್ಲಕ್ಕೂ ಮಿಗಿಲಾದುದು. ಡೆನ್ಮಾರ್ಕಿನ ದೊರೆಯು 1761ರಲ್ಲಿ ಅರೇಬಿಯಕ್ಕೆ ಕಳುಹಿಸಿದ ಆರು ಮಂದಿಯ ತಂಡದಲ್ಲಿ ಅವನು ಭೂಮಾಪಕ. 1763ರ ಮಾರ್ಚಿಯಲ್ಲಿ, ಲಿನ್ನೇಯಸನ ಶಿಷ್ಯನಾದ ಫೋರ್ಸ್ಕಾಲನೆಂಬ ಸಸ್ಯಶಾಸ್ತ್ರಜ್ಞನೊಡನೆ, ಬೈತುಲ್ ಫಕೀಹ್ ಎಂಬ ಕಾಫಿಯ ಸಂತೆಯೂರಿನಿಂದ ಹೊರಟು ಬುಲ್ಗೋಸಾ ಎಂಬ ಬೆಟ್ಟದೂರನ್ನು ಸೇರಿದನು. ಗಿಡಗಳೆಲ್ಲವೂ ಹೂಬಿಟ್ಟು ಬೆಟ್ಟವೇ ಪರಿಮಳಿಸುತ್ತಿತ್ತು. ಕಲ್ಲಿನ ಕಟ್ಟೆಗಳನ್ನು ಕಟ್ಟಿ, ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ ತೋಟಗಳನ್ನು ಅವನು ರಂಗಸ್ಥಳದ ಸುತ್ತಲಿನ ಪ್ರೇಕ್ಷಕರ ಸಾಲಿಗೆ ಹೋಲಿಸಿದನು. ಅವುಗಳಲ್ಲಿ ಹೆಚ್ಚಿನವು ಮಳೆಯ ನೀರನ್ನೇ ನಂಬಿದವು. ಮಾರ್ಚಿ ಏಪ್ರಿಲಿನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಮೂಡಿಗೆರೆಯ ಕಡೆಯ ತೋಟಗಳಲ್ಲಿ ನಡೆದವರಿಗೆ ನೀಬೂರನ ಈ ಪುಟವನ್ನು ವಿವರಿಸಬೇಕಾದುದಿಲ್ಲ. ಮಲ್ಲಿಗೆಯ ಕಂಪನ್ನು ಹೋಲುವ ಆ ಗಾಳಿ ಅವರ ಮೂಗಿಗೆ ಪರಿಚಿತವಾದುದು.

ನೀಬೂರನು ಊಟದ ವಿಷಯದಲ್ಲಿಯೂ ಪ್ರಾಮಾಣಿಕ. ಯಮನಿನ ಬಡವರು ಜೋಳದ ಹಿಟ್ಟನ್ನು ಒಂಟೆಯ ಹಾಲಿನಲ್ಲಿಯೋ ಬೆಣ್ಣೆಯಲ್ಲಿಯೋ ಕಲಸಿ ಮಾಡಿದ ರೊಟ್ಟಿಯನ್ನು ತಿನ್ನುವರು. ಅದು ತನಗೆ ಮೊದಮೊದಲು ಗಂಟಲಲ್ಲಿ ಇಳಿಯಲಿಲ್ಲವೆಂದು ಹೇಳುತ್ತಾನೆ. ನಮ್ಮ ಬಿಜಾಪುರ ಧಾರವಾಡದ ಕಡೆಯವರು ಅವನ ಸ್ಥಾನದಲ್ಲಿದ್ದರೆ ಆ ದೂರಿಗೆ ಅವಕಾಶವಿರುತ್ತಿರಲಿಲ್ಲ! ಆದರೆ ಆ ತಂಡದ ಕಥೆ ನಗುವಂಥದಲ್ಲ. ಭಾಷಾಶಾಸ್ತ್ರಜ್ಞ ಫಾನ್ ಹಾವೆನನು 1763ರ ಮೇ ತಿಂಗಳಿನಲ್ಲಿ ಮೋಖಾದಲ್ಲಿ ತೀರಿಕೊಂಡನು. ಫೋರ್ಸ್ಕಾಲನು ಜುಲೈಯಲ್ಲಿ ಯರೀಮ್ ಎಂಬ ಊರಿನಲ್ಲಿ ಸತ್ತನು. ಚಿತ್ರಕಾರನೂ ಪರಿಚಾರಕನೂ ಮುಂಬಯಿಗೆ ಬರುವ ಹಡಗಿನಲ್ಲಿಯೇ ಸತ್ತು ಕಡಲ ಪಾಲಾದರು. ವೈದ್ಯನು 1764ರಲ್ಲಿ ಮುಂಬಯಿಯಲ್ಲಿ ಸತ್ತನು. ನೀಬೂರನೊಬ್ಬನೇ 1767ರಲ್ಲಿ ಊರಿಗೆ ಮರಳಿದನು. ಯೂರೋಪಿನವರಂತೆ ಮಾಂಸವನ್ನು ಹೆಚ್ಚಾಗಿ ತಿನ್ನುತ್ತ ಬದುಕಿದುದೇ ಕಾಯಿಲೆಗೆ ಕಾರಣವಾಯಿತೆಂದೂ, ಆಮೇಲೆ ಪೂರ್ವದೇಶದವರ ಉಡುಪನ್ನೂ ಆಹಾರವನ್ನೂ ಹಿಡಿದುದರಿಂದ ತಾನು ಉಳಿದೆನೆಂದೂ ಅವನು ನಂಬಿದ್ದನು. ಅದೇ ಹಾದಿಯಲ್ಲಿ ದೊರೆಯ ಹಣವಾಗಲಿ, ವೈದ್ಯನಾಗಲಿ, ಭೂಪ್ರಮಾಣದ ಯಂತ್ರಗಳಾಗಲಿ ಇಲ್ಲದೆ ಹೋಗಿ ಬಂದ ಸಾವಿರಾರು ಹಜ್ ಯಾತ್ರಿಕರಲ್ಲಿ ಎಷ್ಟು ಮಂದಿ ಹಿಂದಿರುಗಲಿಲ್ಲವೋ! ಬರೆಯದ ಯಾತ್ರಿಕರ ಸಾಹಸವನ್ನು ಅಳೆಯಲು ಬರೆದವರ ಸಾವುಗಳೇ ನಮಗೆ ಅಳತೆಗೋಲು.

ಇನ್ನು ಅಭಿಮಾನಿಗಳ ಮಾತು: ಪ್ರಪಂಚದ ಕಾಫಿಯು ನಮ್ಮ ಗಿರಿಯಿಂದ ಹೊರಟಿತೆ? ಇದರಲ್ಲಿ ಒಂದು ಭಾಗವು ದಾಖಲೆಯಿಂದ ಗಟ್ಟಿಯಾಗಿದೆ. ಆಮ್‌ಸ್ಟರ್‌ಡಾಮಿನ ನಗರಾಧ್ಯಕ್ಷ ನಿಕೊಲಾಸ್ ವಿಟ್ಸೆನನ ಪ್ರೇರಣೆಯಿಂದ ಮಲಬಾರಿನ ಡಚ್ಚ ಅಧಿಕಾರಿ ಆದ್ರಿಯಾನ್ ಫಾನ್ ಒಮ್ಮೆನನು 1696ರಲ್ಲಿ ಕಣ್ಣಾನೂರಿನಿಂದ ಜಾವಾದ್ವೀಪದ ಬಟೇವಿಯಕ್ಕೆ ಕಾಫಿಯನ್ನು ಕಳುಹಿಸಿದನು. ಆ ಸಸಿಗಳು ನೆರೆಯಲ್ಲಿ ನಾಶವಾದವು. 1699ರಲ್ಲಿ ಜ್ವಾರ್ಡೆಕ್ರೂನನೆಂಬವನು ಮಲಬಾರಿನಿಂದಲೇ ಮತ್ತೊಮ್ಮೆ ಒಯ್ದನು, ಅವು ಬದುಕಿದವು. ಜಾವಾದ ಗಿಡವೊಂದು 1706ರಲ್ಲಿ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನವನ್ನು ಸೇರಿತು. ಅದರ ಸಂತತಿಯೊಂದನ್ನು 1714ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಕೊಟ್ಟರು. ಪ್ಯಾರಿಸಿನ ಆ ಕುಲದಿಂದ ಒಂದು ಸಸಿಯನ್ನು ದ ಕ್ಲಿಯೂ ಎಂಬ ಸೈನ್ಯಾಧಿಕಾರಿಯು 1720ರ ದಶಕದ ಆರಂಭದಲ್ಲಿ, ಹಡಗಿನಲ್ಲಿ ತನಗೆ ಸಲ್ಲುವ ಕುಡಿಯುವ ನೀರನ್ನು ಹಂಚಿಕೊಟ್ಟು ಕಾಪಾಡಿ, ಮಾರ್ಟಿನೀಕ್ ದ್ವೀಪಕ್ಕೆ ಸೇರಿಸಿದನು. ಅಮೆರಿಕ ಖಂಡದ ವಿಸ್ತಾರವಾದ ತೋಟಗಳ ಹಿಂದೆ ಇಂಥ ಕೆಲವೇ ಗಿಡಗಳಿವೆ. ಈಚಿನ ವರ್ಷಗಳಲ್ಲಿ ವಂಶವಾಹಿಗಳನ್ನು ಪರೀಕ್ಷಿಸಿದ ಸಸ್ಯವಿಜ್ಞಾನಿಗಳು, ಟಿಪಿಕ ಎಂದು ಹೆಸರಾದ ಈ ತಳಿಯು ಯಮನಿನಿಂದ ನೇರವಾಗಿ ಜಾವಾಕ್ಕೆ ಹೋಗದೆ ಭಾರತದ ಮೂಲಕ ಹೋಯಿತೆಂಬುದಕ್ಕೆ ಬೆಂಬಲ ಕೊಟ್ಟಿದ್ದಾರೆ.

ಇಷ್ಟರಿಂದ ಸಿದ್ಧವಾಗುವುದು ಮಲಬಾರಿನ ಕೀರ್ತಿ. ಗಿರಿಯದು ಸಿದ್ಧವಾಗಬೇಕಾದರೆ ಚಂದ್ರದ್ರೋಣದಿಂದ ಕಣ್ಣಾನೂರಿಗೆ ಒಂದು ಸೇತುವೆ ಬೇಕು. ಕಣ್ಣಾನೂರು ಮಾಪಿಳ್ಳೆ ವರ್ತಕರ ಬಂದರು. ಅವರ ಹಡಗುಗಳು ಕೆಂಪುಸಮುದ್ರಕ್ಕೆ ಹೋಗಿ ಬರುತ್ತಿದ್ದವು. ಅವರಲ್ಲೊಬ್ಬನು ತನ್ನ ಹಿತ್ತಿಲಿಗೆಂದು ನಾಲ್ಕು ಬೀಜಗಳನ್ನು ತಾನೇ ತಂದಿರಬಹುದಲ್ಲವೆ? ಡಚ್ಚರು ಒಯ್ದುದು ಗಿರಿಯ ಬೀಜವೆಂದು ಅವರ ಕಾಗದಗಳ ಆಧಾರದಿಂದ ಯಾರೂ ತೋರಿಸಿಲ್ಲ. ಹಾಗೆಂದು ಗಿರಿಯ ಕಥೆ ಬಿದ್ದುಹೋಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ತೋಟಗಳನ್ನು ಹಾಕಲು ಬಂದಾಗ ಗಿರಿಯ ಸುತ್ತಮುತ್ತ ಕಾಫಿಯು ಆಗಲೇ ಬೇರೂರಿತ್ತು. ಅವರು ಬೀಜಕ್ಕೆ ಕೈಯೊಡ್ಡಿದುದು ಇಲ್ಲಿಯ ಗಿಡಗಳಿಗೇ. ಗಿರಿಯ ಕಾಫಿಯು ಹಳೆಯದೆಂಬುದು ನಿಸ್ಸಂದೇಹ. ಅದೇ ಪ್ರಪಂಚದ ಕಾಫಿಯ ತಾಯಿಯೆಂಬುದು ಮಾತ್ರ ಐತಿಹ್ಯ. ಈ ಎರಡನ್ನೂ ಕಲಸಿ ಪ್ರವಾಸಿಗರಿಗೆ ಹೇಳುವ ಪದ್ಧತಿಯನ್ನು ನಮ್ಮವರು ಬಿಟ್ಟರೆ ಒಳ್ಳೆಯದು. ಬಾಬಾಬುಡನರ ಹೆಸರಿಗೆ ಮಾರ್ಟಿನೀಕಿನ ಆಸರೆ ಬೇಕಾಗಿಲ್ಲ.

ಆ ಹಳೆಯ ಗಿಡದ ಮುಂದಿನ ಗತಿಯು ಮರುಕವನ್ನುಂಟುಮಾಡುವುದು. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷಿನವನು ಚಿಕ್ಕಮಗಳೂರಿನ ಹತ್ತಿರ ತೋಟ ಹಾಕಿದ ಮೇಲೆ ಕಾಫಿಯು ಹಿತ್ತಿಲನ್ನು ಬಿಟ್ಟು ಕಾಡಿಗೆ ನಡೆಯಿತು. ಗಿರಿಯ ಮೂಲದ ತಳಿಗೆ ಚಿಕ್ಕಮಗಳೂರಿನ ಹೆಸರನ್ನು ಮೊಟಕುಮಾಡಿ ‘ಚಿಕ್’ ಎಂದು ಕರೆದರು. 1860ರ ದಶಕದಲ್ಲಿ ಕಾಂಡ ಕೊರೆಯುವ ಹುಳು ಬಿದ್ದು, ಒಣವರ್ಷಗಳೂ ಸೇರಿ, ‘ಚಿಕ್’ ಗಿಡಗಳು ತೋಟತೋಟವಾಗಿ ಒಣಗಿದವು. ಮಂಜರಾಬಾದಿನ ಕಡೆ ತೋಟ ಮಾಡಿದ್ದ ಎಲಿಯಟ್ ಎಂಬವನು 1871ರಲ್ಲಿಯೂ 1894ರಲ್ಲಿಯೂ ಪ್ರಕಟಿಸಿದ ತನ್ನ ಎರಡು ಗ್ರಂಥಗಳಲ್ಲಿ ಆ ಕಾಲದ ತೋಟಗಾರರ ಜೀವನವನ್ನು ಚಿತ್ರಿಸಿದ್ದಾನೆ. ಕೊಡಗಿನ ತಳಿಯನ್ನು ತಂದು ನೆಟ್ಟ ಮೇಲೆ ತೋಟಗಳು ಚೇತರಿಸಿದವು. ಅಷ್ಟರಲ್ಲಿ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕಿನ ರೋಗವು ಇಲ್ಲಿಗೂ ಬಂದಿತು. ಅಲ್ಲಿ ಕಾಫಿಯು ಅಳಿದು ಚಹಾ ಬಂದಿತು. ಇಲ್ಲಿ ಕಾಫಿಯು ಕುಂಟುತ್ತ ಉಳಿಯಿತು. 1911ರಲ್ಲಿ ಕೆಂಟ್ ಎಂಬ ತೋಟಗಾರನು ತುಕ್ಕನ್ನು ತಡೆದ ಒಂಟಿ ಗಿಡವೊಂದನ್ನು ತನ್ನ ತೋಟದಲ್ಲಿ ಗುರುತಿಸಿದನು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು; ಕೆಂಟನ ತಳಿಯನ್ನು ಬೇರೊಂದು ಮಿಶ್ರತಳಿಯೊಡನೆ ಕೂಡಿಸಿ ಅಲ್ಲಿಯವರು 1940ರ ದಶಕದಲ್ಲಿ ಬಿಡುಗಡೆ ಮಾಡಿದ ‘ಎಸ್. 795’ ನಮ್ಮ ಮಲೆನಾಡಿನಲ್ಲೆಲ್ಲ ಹರಡಿದೆ. ಹೀಗೆ ನಾವು ಕುಡಿಯುವ ಕಾಫಿಯಲ್ಲಿ ಬಾಬಾಬುಡನರ ಏಳು ಬೀಜಗಳ ರಕ್ತವು ಎಷ್ಟು ಪಾಲು ಉಳಿದಿದೆಯೆಂದು ಹೇಳುವುದು ವೈದಿಕರ ಗೋತ್ರಪ್ರವರಕ್ಕಿಂತಲೂ ತೊಡಕಿನ ಕೆಲಸ. 2019ರಲ್ಲಿ ‘ಬಾಬಾಬುಡನ್‌ಗಿರಿ ಅರೇಬಿಕ’ಕ್ಕೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಆ ಮನ್ನಣೆಯು ಮಣ್ಣಿಗೂ ಎತ್ತರಕ್ಕೂ ಸಲ್ಲುವುದು, ವಂಶಕ್ಕಲ್ಲ.

ಗಿರಿಯನ್ನು ಕಡಲಿಗೆ ಕಟ್ಟಿದ ಇನ್ನೊಂದು ಹಾದಿ ಚಾರ್ಮಾಡಿ ಘಾಟಿ. ಮೂಡಿಗೆರೆಯ ಕಾಫಿಯು ಚೀಲಗಳಲ್ಲಿ ತುಂಬಿ ಎತ್ತಿನ ಗಾಡಿಗಳಲ್ಲಿ ಕೊಟ್ಟಿಗೆಹಾರವನ್ನು ದಾಟಿ ಮಂಗಳೂರಿಗಿಳಿಯುತ್ತಿತ್ತು. ಅದೇ ದಾರಿಯಲ್ಲಿ ದಕ್ಷಿಣ ಕನ್ನಡದ ಕೂಲಿಯವರು ಮಳೆ ಕಳೆದ ಮೇಲೆ ಹತ್ತಿ ಬರುತ್ತಿದ್ದರು. ಮೇಸ್ತ್ರಿಯಿಂದ ಮುಂಗಡ ಹಣ ಪಡೆದು, ಒಣಮೀನಿನ ಗಂಟನ್ನು ಹೊತ್ತು ‘ಘಟ್ಟಕ್ಕೆ ಹೋದವರು’ ಹಣ್ಣಿನ ಕೊಯ್ಲು ಮುಗಿಸಿ, ಬೇಸಗೆಯಲ್ಲಿ ಇಳಿಯುವರು. ಮಲೆನಾಡಿನ ಚಳಿಜ್ವರಕ್ಕೆ ತುತ್ತಾಗಿ ಇಳಿಯದೆಹೋದವರೂ ಅನೇಕರು. ಅಕ್ಕಿರೊಟ್ಟಿ, ಕಡುಬು, ಕಳಲೆಯ ಪಲ್ಯ, ಕೆಸುವಿನ ಪತ್ರೊಡೆಗಳ ಜೊತೆಗೆ ಬೆಲ್ಲದ ಕಾಫಿ ಕೊಟ್ಟು ಬಂದವರನ್ನು ಆದರಿಸುವ ಮಲೆನಾಡಿನ ಸತ್ಕಾರವು ಪ್ರಸಿದ್ಧವಾದುದು. ಆ ಕಾಫಿಯನ್ನು ಕೊಯ್ದ ಕೈಗಳ ದೇಶಾಂತರವನ್ನೂ ಯಾರೂ ಪ್ರವಾಸಕಥನವಾಗಿ ಬರೆಯಲಿಲ್ಲ.

ಮಂಗಳೂರಿನಿಂದ ಹಾಯಿಹಡಗುಗಳನ್ನೇರಿದ ಕಾಫಿಯ ಕಥೆಯು ಬೇರೊಂದು ಸ್ವಾರಸ್ಯವುಳ್ಳದ್ದು. 1869ರಲ್ಲಿ ಸುಯೆಜ್ ಕಾಲುವೆಯು ತೆರೆಯುವ ಮುಂಚೆ ಆಫ್ರಿಕದ ತುದಿಯನ್ನು ಸುತ್ತಿ ಯೂರೋಪನ್ನು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮರದ ಹಡಗಿನ ಒಡಲಲ್ಲಿ ಕಡಲಿನ ತೇವವನ್ನು ಹೀರಿ ಹಸುರು ಬೀಜಗಳು ಉಬ್ಬಿ, ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗಿ, ಹುಳಿಯನ್ನು ಕಳೆದುಕೊಂಡು ಮೆತ್ತನೆಯ ರುಚಿಯನ್ನು ಪಡೆಯುತ್ತಿದ್ದವು. ಅಲ್ಲಿಯವರು ಆ ರುಚಿಗೇ ಒಗ್ಗಿದರು. ಹೊಗೆಹಡಗುಗಳು ಕೆಲವೇ ವಾರಗಳಲ್ಲಿ ಕೆಡದ ಹಸುರು ಬೀಜವನ್ನು ಮುಟ್ಟಿಸತೊಡಗಿದಾಗ, ಇದು ತಮ್ಮ ಹಳೆಯ ಕಾಫಿಯಲ್ಲವೆಂದು ಅವರು ಗೊಣಗಿದರಂತೆ. ಆಮೇಲೆ ಪಶ್ಚಿಮ ಕರಾವಳಿಯ ವರ್ತಕರು ಗೋಡೆ ತೆರೆದ ಉಗ್ರಾಣಗಳಲ್ಲಿ ಬೀಜವನ್ನು ಹರಡಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಕಡಲಗಾಳಿಯನ್ನು ಅದಕ್ಕೆ ಉಣಿಸಿ, ಹಡಗಿನ ರುಚಿಯನ್ನು ನೆಲದ ಮೇಲೆಯೇ ಹುಟ್ಟಿಸುವುದನ್ನು ಕಲಿತರು. ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನಿಂದ ಅದು ಮಾರಾಟವಾಗುತ್ತದೆ.

ರುಚಿಯ ಮಾತು ಬಂದುದರಿಂದ ನೀಬೂರನ ಇನ್ನೊಂದು ವಿಷಯವನ್ನು ಹೇಳಬೇಕು. ಕಾಫಿಯ ತವರಾದ ಯಮನಿನಲ್ಲಿ ಜನರು ಬೀಜವನ್ನು ಪರದೇಶಗಳಿಗೆ ಮಾರಿ, ತಾವು ಕುಡಿಯುತ್ತಿದ್ದುದು ಹೆಚ್ಚಾಗಿ ಅದರ ಒಣಸಿಪ್ಪೆಯ ಕಷಾಯವನ್ನು. ಅದಕ್ಕೆ ‘ಕಿಶ್ರ್’ ಎಂದು ಹೆಸರು. ಶುಂಠಿಯನ್ನು ಕೂಡಿಸಿ ಕಾಯಿಸುವರು. ಬೀಜವನ್ನು ತಂದ ಬಾಬಾಬುಡನರು ಗಿರಿಯ ಮೇಲೆ ಮೊದಲು ಕುಡಿದುದು ಇದೇ ಆಗಿದ್ದರೆ ಆಶ್ಚರ್ಯವಿಲ್ಲ. ನಮ್ಮ ತೋಟಗಳಲ್ಲಿ ಹಣ್ಣನ್ನು ಯಂತ್ರಕ್ಕೆ ಹಾಕಿ ಬೀಜವನ್ನು ಬಿಡಿಸಿದ ಮೇಲೆ ಸಿಪ್ಪೆಯು ತಲೆತಲಾಂತರದಿಂದ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಈಚೆಗೆ ಕೆಲವು ತೋಟದವರು ಅದನ್ನು ಬಿಸಿಲಿನಲ್ಲಿ ಒಣಗಿಸಿ, ಡಬ್ಬಿಗಳಲ್ಲಿ ತುಂಬಿ, ಪಟ್ಟಣದವರಿಗೆ ಹೊಸ ಪಾನೀಯವೆಂದು ಮಾರತೊಡಗಿದ್ದಾರೆ. ಬೆಲೆಯು ಬೀಜದ ಬೆಲೆಗೆ ಕಡಿಮೆಯೇನಿಲ್ಲ.